ಐದು ಹಲ್ಲು

ಸುಂಕದಕಟ್ಟೆ ಬಸ್‌ಸ್ಟಾಪಿನ ಪಕ್ಕ
ಟ್ರಾನ್ಸ್‌ಫಾರ್ಮರ್ ನೆರಳಲ್ಲಿ ನನ್ನ ಛತ್ರಿ,
ಛತ್ರಿಯ ಕಡ್ಡಿಗೆ ನೇತುಹಾಕಿದ ಬೋಳು ಕೀಗಳು.
ಹತ್ತು ಮಾರು ಆಚೆ ಸಿಗ್ನಲ್ಲು.
ದಸ್ತಗೀರ ಜಾಗ ನೋಡಿಯೇ ಕೂತಿದ್ದಾನೆ ಅಂತ ನಗುತ್ತಾರೆ.
ನಿಜ, ನೋಡಿಯೇ ಕೂತೆ.

ಅಲ್ಲಿ ಗಾಡಿ ತಡೆದರೆ ಮೊದಲು ಮುಂದೆ ಬರುವುದು ಕೈ,
ಆಮೇಲೆ ಮಾತು.
ಹೆಸರು ಕೇಳುವ ಮುಂಚೆ ಕೀ ಅವರ ಜೇಬಲ್ಲಿ.
ರಸೀದಿ ಬೇಕಂದರೆ ಇಷ್ಟು, ಬೇಡಂದರೆ ಅಷ್ಟು,
ಚೌಕಾಸಿ ಕುದುರದವರು
ಗಾಡಿ ತಳ್ಳಿಕೊಂಡು ನನ್ನ ಹತ್ತಿರ ಬರುತ್ತಾರೆ.
ನೂರೈವತ್ತು ನನಗೆ.
ಆ ಅನ್ನದಲ್ಲಿ ನನ್ನದೂ ಒಂದು ತುತ್ತು ಇದೆ ಸಾರ್,
ಅದನ್ನು ಮೊದಲು ಬರೆದುಕೊಳ್ಳಿ.

ಆವತ್ತು ಮಂಗಳವಾರ. ವಾಟರ್ ಕ್ಯಾನ್ ಹಾಕುವ ತಿಪ್ಪೇಶ,
ಹಿಂದೆ ಎರಡು, ಕಾಲಿನ ಹತ್ತಿರ ಒಂದು ಕ್ಯಾನು.
ಹೆಲ್ಮೆಟ್ ಇತ್ತು, ಬಕಲ್ ಹಾಕಿರಲಿಲ್ಲ. ತಪ್ಪು ಅವನದೇ.
ದಂಡ ಬರೀರಿ, ಕೀ ಯಾಕೆ ಕಿತ್ಕೊಂಡ್ರಿ ಅಂದ.
ಎದೆ ಮೇಲಿನ ಕ್ಯಾಮೆರಾ ಆನ್ ಇದೆಯಾ ಅಂದ.
ಅಷ್ಟೇ. ಗಟ್ಟಿಯಾಗಿ ಅಂದ, ಅದೂ ಬರೆದುಕೊಳ್ಳಿ.
ಹೆಡ್ಡು ಬಸವಣ್ಣೆಪ್ಪನವರು ತಲೆ ಬಗ್ಗಿಸಿ ತಮ್ಮ ಎದೆ ನೋಡಿಕೊಂಡರು,
ಗುಂಡಿ ಉದುರಿದೆಯೇನೋ ಅಂತ ನೋಡಿಕೊಳ್ಳುವವರ ಹಾಗೆ.
ಆಮೇಲೆ ಜೀಪು ಬಂತು.
ಒಂದು ಕ್ಯಾನು ಉರುಳಿ ಉರುಳಿ ನನ್ನ ಹಲಗೆ ಮುಟ್ಟಿತು,
ಮುಚ್ಚಳ ಬಿಚ್ಚಿರಲಿಲ್ಲ.

ನಾನು ಅರ ಹಿಡಿದು ತಲೆ ತಗ್ಗಿಸಿದೆ.
ನಮ್ಮ ಕಸುಬಿನಲ್ಲಿ ತಲೆ ತಗ್ಗಿಸುವುದು ಸುಲಭ.

ಮಾರನೆ ದಿನ ಅವನ ತಾಯಿ ಓಬಕ್ಕ ಬಂದಳು.
ಕರ್ತವ್ಯಕ್ಕೆ ಅಡ್ಡಿ ಅಂತ ಕೇಸಂತೆ.
ಮೈಮೇಲಿದ್ದ ವಸ್ತುಗಳ ಪಟ್ಟಿ ಕೊಟ್ಟಿದ್ದರು:
ಫೋನು ಒಂದು, ಬೆಲ್ಟು ಒಂದು, ಇನ್ನೂರ ನಲವತ್ತು ರೂಪಾಯಿ.
ಕೀ ಇಲ್ಲ.
ಗಾಡಿ ಮಾತ್ರ ಕಂಬದ ಬುಡದಲ್ಲಿ ನಿಂತೇ ಇತ್ತು.

ಕೀ ಇಲ್ಲದ ಬೀಗಕ್ಕೆ ಕೀ ಮಾಡುವುದು ಹೀಗೆ ಸಾರ್:
ಬೋಳು ಕೀಯನ್ನು ದೀಪದ ಹೊಗೆಗೆ ಹಿಡಿದು ಮಸಿ ಮಾಡಿ
ಒಳಕ್ಕೆ ತೂರಿಸಿ, ಮೆಲ್ಲಗೆ ತಿರುವಿ, ಹೊರಗೆ ತೆಗೆದು
ಬಿಸಿಲಿಗೆ ಹಿಡಿಯಬೇಕು.
ಎಲ್ಲಿ ತಗುಲಿತೋ ಅಲ್ಲಿ ಮಸಿ ಅಳಿಸಿರುತ್ತದೆ,
ಸಾಸಿವೆಯಷ್ಟು. ಅಲ್ಲಿ ಅರ. ಮತ್ತೆ ತೂರಿಸು.
ಬೀಗ ಬಾಯಿ ಬಿಡುವುದಿಲ್ಲ, ಗುರುತು ಬಿಡುತ್ತದೆ.
ಒಂದೂವರೆ ತಾಸು ಹಿಡಿಯಿತು.
ಐದು ಹಲ್ಲು, ಮೂರನೆಯದು ಆಳ.
ದುಡ್ಡು ತಗೊಳ್ಳಲಿಲ್ಲ. ಅದನ್ನು ಬರೆಯಬೇಡಿ.

ಜಾಮೀನಾಗಿ ತಿಪ್ಪೇಶ ಬಂದ. ಕೆನ್ನೆ ಊದಿತ್ತು.
ಡಾಕ್ಟರ ಚೀಟಿಯಲ್ಲಿ ಗಾಯಗಳೇನೂ ಇಲ್ಲ ಅಂತ ಇತ್ತಂತೆ.
ಹೇಳುತ್ತಾ ನಕ್ಕ.
ಕೆಳಗಿನ ಸಾಲಿನಲ್ಲಿ ಕಿಂಡಿ.

ಹೋದ ವಾರ ಬಸವಣ್ಣೆಪ್ಪನವರು ಮಫ್ತಿಯಲ್ಲಿ ಬಂದರು,
ಕೈಯಲ್ಲಿ ಸ್ವೀಟ್ ಅಂಗಡಿಯ ಕವರು.
ವರ್ಗ ಆಯ್ತು ಕಣೋ, ಡ್ರಾಯರ್ ಖಾಲಿ ಮಾಡ್ತಾ ಇದೀನಿ,
ತೂಕಕ್ಕೆ ತಗೋತೀಯಾ ಅಂತ ಹಲಗೆ ಮೇಲೆ ಸುರಿದರು.
ನಲವತ್ತೊಂದು ಕೀ.
ಒಂದಕ್ಕೆ ಪ್ಲಾಸ್ಟಿಕ್ ಗಣಪತಿ, ಒಂದಕ್ಕೆ ಯಾವುದೋ ಮಗುವಿನ ಫೋಟೋ,
ಒಂದಕ್ಕೆ ಕ್ಯಾನಿನ ಮುಚ್ಚಳ, ತೂತು ಕೊರೆದು ಪೋಣಿಸಿದ್ದು.
ಅವರೂ ಸೋತಿದ್ದರು ಸಾರ್,
ಹದಿನಾಲ್ಕು ತಾಸು ನಿಲ್ಲಿಸ್ತಾರೆ, ಮಂಡಿ ಹೋಯ್ತು ಅಂದರು.
ಟೀ ತರಿಸಿದೆ, ಇಬ್ಬರೂ ಕುಡಿದೆವು.
ಮುಚ್ಚಳದ ಕೀಯನ್ನು ಹೆಬ್ಬೆರಳಲ್ಲಿ ಸವರಿದೆ.
ಒಂದು, ಎರಡು, ಮೂರನೆಯದು
ಆಳ.

ಇನ್ನೂರು ರೂಪಾಯಿ ಕೊಟ್ಟೆ. ಗುಜರಿಗೆ ಹಾಕಲಿಲ್ಲ.

ಏನು ನೋಡಿದೆ ಅಂತ ಕೇಳುತ್ತಿದ್ದೀರಿ.
ಓದು ನನಗೆ ಅಷ್ಟಕ್ಕಷ್ಟೆ,
ಹಲ್ಲು ಎಣಿಸಲು ಬರುತ್ತದೆ.
ತಗೊಳ್ಳಿ ಈ ಕವರು.
ಎಣಿಸಿಕೊಂಡು, ನಲವತ್ತೊಂದು ಅಂತ ಬರೆದು
ಒಂದು ರಸೀದಿ ಕೊಡಿ ನನಗೆ.